ಅಡಗಿ ಖೋಲಿ

ಮಗ ಸೊಸೆ ಟಾಂಗಾ ಹತ್ತಿ ಹೋದ ಮೇಲೆ ಗೋದಾಬಾಯಿಗೆ ಮೊದಲು ಆದದ್ದು ಸಂತೋಷವಲ್ಲ, ಹೆದರಿಕೆ. ಬೆಳಗಿನಿಂದ ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮಾತನ್ನು ಈಗ ಹೊರಗೆ ತೆಗೆದು ನೋಡಬಹುದಾಗಿತ್ತು. ತೆಗೆದರೆ ಅದು ಅದೇ ಮಾತಾಗಿ ಉಳಿದಿರುತ್ತದೋ ಇಲ್ಲವೋ ಎಂಬ ಅಂಜಿಕೆ. ಈ ವಯಸ್ಸಿನಲ್ಲಿ ಕಿವಿಯನ್ನು ನಂಬುವುದು ಕಷ್ಟ. ಕಣ್ಣನ್ನಂತೂ ನಂಬುವುದನ್ನು ಬಿಟ್ಟಾಗಿತ್ತು. ಪೊರೆ ಬಂದ ಮೇಲೆ ಸದಾಶಿವ ಪೇಠದ ಈ ವಾಡೆ, ಅದರ ನಡುವಿನ ಅಂಗಳ, ನಲ್ಲಿಯ ಸುತ್ತ ಜಗಳಾಡುವ ಹೆಂಗಸರು, ಎಲ್ಲವೂ ಗಂಜಿಯ ತಿಳಿಯೊಳಗಿಂದ ನೋಡಿದ ಹಾಗೆ ಕಾಣುತ್ತಿದ್ದವು. ಆದರೆ ಬೆಳಿಗ್ಗೆ ಹಲಗೆಯ ಗೋಡೆಯಾಚೆ ಅಂಬಾ ಗಂಡನಿಗೆ ಹೇಳಿದ್ದನ್ನು ಆಕೆ ಕಿವಿಯಾರೆ ಕೇಳಿದ್ದಳು. ಸೊಸೆ ಭೋರ್ ಸಂಸ್ಥಾನದ ಕಡೆಯವಳು. ಗಂಡನೊಡನೆ ಆಡುವುದೆಲ್ಲ ಮರಾಠಿ, ಅದೂ ಉಸಿರು ಬಿಡದೆ. ಇಡೀ ಮಾತಿನಲ್ಲಿ ಗೋದಾಬಾಯಿಗೆ ಸಿಕ್ಕಿದ್ದು ಒಂದೇ ತುಣುಕು: 'ಆಯೀನ್ನಾ ಅಡಗೀಚೀ ಖೋಲಿ ದೇಊ.' ಆಯಿಗೆ ಅಡಗಿ ಖೋಲಿ, ಅಡಿಗೆಯ ಕೋಣೆ, ಕೊಡೋಣ. ಮಗ ಪ್ರಲ್ಹಾದ ಆಗಲಿ ಎಂದಿದ್ದ.

ಅಡಗಿ. ಅಂಬಾ ಆ ಶಬ್ದವನ್ನು ಬಳಸಿದ್ದೇ ಗೋದಾಬಾಯಿಯನ್ನು ಅಲುಗಿಸಿತ್ತು. ಮದುವೆಯಾಗಿ ಹತ್ತು ವರ್ಷವಾದರೂ ಈ ಹುಡುಗಿಯ ಬಾಯಲ್ಲಿ 'ಸ್ವೈಪಾಕ' ಅಲ್ಲದೆ ಬೇರೆ ಬಂದಿರಲಿಲ್ಲ. ಅತ್ತೆಯೊಡನೆ ಆಡುವ ನಾಲ್ಕು ಹರಕು ಮುರುಕು ಕನ್ನಡ ಮಾತುಗಳಲ್ಲೂ ಅಡಿಗೆ ಮಾತ್ರ ಸ್ವೈಪಾಕವಾಗಿಯೇ ಉಳಿದಿತ್ತು. ಇವತ್ತು, ಯಾರೂ ಕೇಳುತ್ತಿಲ್ಲ ಎಂದುಕೊಂಡ ಹೊತ್ತಿನಲ್ಲಿ, ಅವಳ ಬಾಯಿಂದ ಧಾರವಾಡದ ಶಬ್ದ ಬಂದಿತ್ತು. ಎದುರಿಗೆ ಆಡಿದ ಅಕ್ಕರೆಯ ಮಾತನ್ನು ಗೋದಾಬಾಯಿ ಅಷ್ಟಾಗಿ ನಂಬುವವಳಲ್ಲ, ಬೆನ್ನ ಹಿಂದೆ ಆಡಿದ್ದನ್ನು ನಂಬುತ್ತಾಳೆ. ಮತ್ತೆ ಕಾರಣವೂ ಇತ್ತಲ್ಲ. ಅಂಬಾನ ತಂಗಿ ಕೃಷ್ಣಾ ಇವತ್ತು ಭೋರಿನಿಂದ ಮೋಟಾರಿನಲ್ಲಿ ಬರುವವಳು, ತುಂಬಿದ ಬಸುರಿ; ಇಬ್ಬರೂ ಹೋದದ್ದು ಅವಳನ್ನು ಕರೆತರಲು. ಅವರ ತಾಯಿ ಹೋದ ಮಾಘದಲ್ಲಿ ತೀರಿಕೊಂಡದ್ದರಿಂದ ಚೊಚ್ಚಲ ಬಾಣಂತನ ಅಕ್ಕನ ಮನೆಯಲ್ಲಿ. ಬಸುರಿಗೆ ಗಾಳಿ ಬೆಳಕಿನ ಕೋಣೆ ಬೇಕು. ಅಂಥದ್ದು ಈ ಮನೆಯಲ್ಲಿ ಒಂದೇ, ಗೋದಾಬಾಯಿ ಮಲಗುವ ನಡುಕೋಣೆ. ಅದನ್ನು ಬಿಟ್ಟುಕೊಡಬೇಕೆಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಬಾಣಂತಿಯ ಅಡಿಗೆಯೆಂದರೆ ಹುಡುಗಾಟವೆ? ಕಷಾಯ ಒಂದು ಹೊತ್ತಿಗೆ, ಮೆಂತ್ಯದ ಹಿಟ್ಟು ಒಂದು ಹೊತ್ತಿಗೆ, ಮೆಣಸಿನ ಸಾರು ಒಂದು ಹೊತ್ತಿಗೆ. ಅಂಬಾಗೆ ಮಕ್ಕಳಾಗಿಲ್ಲ, ಅವಳಿಗೇನು ಗೊತ್ತು? ಹಾಗಾದರೆ ಇನ್ಯಾರು ಮಾಡಬೇಕು? ಹೀಗೆ ಯೋಚಿಸುತ್ತಿದ್ದ ಹಾಗೆ ಆಕೆಗೆ ನಾಚಿಕೆಯಾಯಿತು. ಭೋರಿನಲ್ಲಿ ಒಬ್ಬ ತಾಯಿ ಸತ್ತದ್ದು ಇಲ್ಲಿ ತನ್ನ ಭಾಗ್ಯವಾಯಿತಲ್ಲ ಎಂದು ಬಳೆಯಿಲ್ಲದ ಮಣಿಕಟ್ಟನ್ನು ಸುಮ್ಮನೆ ಉಜ್ಜಿಕೊಂಡಳು. ನಾಚಿಕೆಯಾದರೂ ಸಂತೋಷ ಹೋಗಲಿಲ್ಲ.

ಒಲೆ ಕೈತಪ್ಪಿದ್ದು ಒಂದು ಸಾರಿನಿಂದ. ಯುದ್ಧ ಶುರುವಾದ ಮೇಲೆ ಪ್ರಲ್ಹಾದನ ಮಿಲಿಟರಿ ಕಚೇರಿಯಲ್ಲಿ ಕೆಲಸ ಹೆಚ್ಚಿ, ಬಡ್ತಿಯ ಮಾತು ಎದ್ದು, ದೊಡ್ಡ ಗುಮಾಸ್ತರಾದ ಪಂಢರಿನಾಥರಾಯರು ಊಟಕ್ಕೆ ಬಂದಿದ್ದರು. ಮಡಿಯಲ್ಲಿ ಅಡಿಗೆ ಮಾಡುವವಳು ದೇವರಿಗಿಂತ ಮೊದಲು ನಾಲಿಗೆಗೆ ಮುಟ್ಟಿಸುವಂತಿಲ್ಲ. ಜೀವಮಾನವೆಲ್ಲ ಕಣ್ಣಳತೆ ಕೈಯಳತೆಯಲ್ಲೇ ನಡೆದಿತ್ತು. ಆ ದಿನ ಉಪ್ಪು ಹಾಕಿದ್ದು ಮರೆತು ಮತ್ತೊಮ್ಮೆ ಹಾಕಿದಳು. ರಾಯರು ಒಂದು ತುತ್ತು ಉಂಡು, ಕಲಸಿದ ಅನ್ನವನ್ನು ಎಲೆಯ ಬದಿಗೆ ಸರಿಸಿ, ನೀರು ಕೇಳಿದರು. ಮತ್ತೆ ನೀರು ಕೇಳಿದರು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ಗಾದೆ ಕಟ್ಟಿದವನು ತಾಯಿ ಎರಡು ಸಲ ಉಪ್ಪು ಹಾಕಿದ ಸಾರನ್ನು ಉಂಡಿರಲಿಕ್ಕಿಲ್ಲ. ಯಾರಾದರೂ ಬೈದಿದ್ದರೆ ತಾನೂ ನಾಲ್ಕು ಮಾತಾಡಿ ಹಗುರಾಗಬಹುದಿತ್ತು. ಯಾರೂ ಬೈಯಲಿಲ್ಲ. ಮರುದಿನ ಎದ್ದು ನೋಡಿದರೆ ಅಂಬಾ ಆಗಲೇ ಮೈ ತೊಳೆದುಕೊಂಡು ಒಲೆಯ ಮುಂದೆ ಕೂತಿದ್ದಳು. "ಆಯಿ, ಭಾಳ ವರ್ಷ ಮಾಡಿದ್ರಿ. ಇನ್ನ ಆರಾಮ ಕೂಡ್ರಿ" ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿಲ್ಲದ್ದೇ ದೊಡ್ಡ ಕಷ್ಟವಾಯಿತು; ಹಿಡಿದು ಜಗ್ಗಲು ಎಲ್ಲೂ ತುದಿ ಸಿಗಲಿಲ್ಲ.

ಆರಾಮ ಕೂಡುವುದು ಎಂಥ ದಣಿವಿನ ಕೆಲಸವೆಂದು ಕೂತವರಿಗೇ ಗೊತ್ತು. ನಡುಕೋಣೆಯಲ್ಲಿ ಕೂತರೆ ಪ್ರಲ್ಹಾದ ಬಟ್ಟೆ ಬದಲಿಸಬೇಕು. ಪಡಸಾಲೆಯಲ್ಲಿ ಕೂತರೆ ಯಾರೋ ಬಂದಿರುತ್ತಾರೆ, ಬೋಳು ತಲೆಯ ಕೆಂಪು ಸೀರೆಯ ಮುದುಕಿ ಅವರ ಎದುರಿಗೆ ಬೀಳಬಾರದು. ಅಂಗಳದ ಕಟ್ಟೆಗೆ ಬಂದರೆ ಕೋಥರೂಡದ ಹಳ್ಳಿಯಿಂದ ಬರುವ ಹಾಲಿನವ ತನ್ನ ಕೊಡವನ್ನು ಅಲ್ಲೇ ಇಳಿಸಬೇಕು. 'ಆಜಿ, ಜರಾ ಸರಕಾ' ಎನ್ನುತ್ತಾನೆ, ಅಜ್ಜಿ, ಸ್ವಲ್ಪ ಸರಿಯಿರಿ ಎಂದು. ಹೀಗೆ ದಿನವೆಲ್ಲ ಸರಿಯುವುದೇ ಆಕೆಯ ಉದ್ಯೋಗ. ಪಾಯಖಾನೆ ಅಂಗಳದ ಆಚೆ ತುದಿಗೆ, ವಾಡೆಯ ಎಲ್ಲ ಬಿಡಾರಕ್ಕೂ ಸೇರಿ. ಮೊಣಕಾಲು ಹಿಡಿದುಕೊಂಡು ಸಾಲಿನಲ್ಲಿ ನಿಲ್ಲಲಾರದೆ ಆಕೆ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಊಟಕ್ಕೆ ಕರೆದಾಗ ಹಸಿವಿಲ್ಲದಿದ್ದರೂ ಹೋಗಬೇಕು, ಹಸಿವಾದಾಗ ಕರೆಯುವ ತನಕ ಕಾಯಬೇಕು. ಧಾರವಾಡದಲ್ಲಿ ಮಾಳಮಡ್ಡಿಯ ಮನೆಯಲ್ಲಿದ್ದಾಗ ಹೊತ್ತಿಗೆ ಹೆಸರಿತ್ತು: ಹಾಲು ಕಾಯಿಸುವ ಹೊತ್ತು, ಬೇಳೆ ಇಡುವ ಹೊತ್ತು, ಹೆಪ್ಪು ಹಾಕುವ ಹೊತ್ತು. ಗಂಡ ಹೊರಗಿನಿಂದಲೇ ಮೂಗೇರಿಸಿ, ಇವತ್ತು ಮೆಂತ್ಯದ ಪಲ್ಯೇನು ಎಂದು ಕೇಳುತ್ತಿದ್ದ, ಗೊತ್ತಿದ್ದೂ ಕೇಳುತ್ತಿದ್ದ. ಅವನು ಹೋದ, ತಲೆಗೂದಲು ಹೋಯಿತು, ಮನೆ ಹೋಯಿತು. ಅಷ್ಟೆಲ್ಲ ಹೋದರೂ ಒಲೆಯ ಮುಂದೆ ಕೂತಿದ್ದಷ್ಟು ಕಾಲ ತಾನು ಇದ್ದೇನೆ ಎಂದೇ ಆಕೆಗೆ ಅನ್ನಿಸಿತ್ತು. ಈಗ ಬೆಳಗಾಗುತ್ತದೆ, ಕತ್ತಲಾಗುತ್ತದೆ, ನಡುವಿನದಕ್ಕೆ ಹೆಸರಿಲ್ಲ. ಹೋದ ಶ್ರಾವಣದಲ್ಲಿ ಅಂಬಾಗೆ ಜ್ವರ ಬಂದಾಗ ಗೋದಾಬಾಯಿ ಅವಳ ಹಣೆ ಮುಟ್ಟಿ ನೋಡಿದ್ದಳು. ಸುಡುತ್ತಿತ್ತು. ಆಕೆಯ ಎದೆಯಲ್ಲಿ ಏನೋ ಎದ್ದು ನಿಂತಿತು. ಅದು ಕರುಣೆಯಲ್ಲವೆಂದು ಆ ಕ್ಷಣವೇ ಗೊತ್ತಾಗಿತ್ತು. ಗಳದ ಮೇಲಿನ ಮಡಿಸೀರೆಯನ್ನು ಕೋಲಿನಿಂದ ಇಳಿಸುವಷ್ಟರಲ್ಲಿ ಪ್ರಲ್ಹಾದ ಮಂಗಳೂರು ಕಡೆಯ ಸುಬ್ಬಯ್ಯನ ಹೊಟೇಲಿನಿಂದ ಡಬ್ಬಿ ತಂದ. "ನಿನಗ ಯಾಕ ತ್ರಾಸ ಅವ್ವಾ" ಎಂದ. ಹೊಟೇಲಿನ ಅನ್ನ ಆಕೆಗೆ ಸಲ್ಲದು. ಎರಡು ದಿನ ಅವಲಕ್ಕಿ ನೆನೆಸಿಕೊಂಡು ತಿಂದಳು, ಪರರ ಜ್ವರಕ್ಕೆ ಹಿಗ್ಗಿದವಳಿಗೆ ಅಷ್ಟೇ ಸಾಕು ಎಂದುಕೊಂಡು.

ಇವತ್ತಿನದು ಹಾಗಲ್ಲ. ಇವತ್ತು ಅವರೇ ಕೊಟ್ಟದ್ದು. ಹೊರಡುವಾಗ ಪ್ರಲ್ಹಾದ ಟೋಪಿ ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಹತ್ತಿರ ನಿಂತಿದ್ದ. ಅವನ ಮುಖ ಕಾಣದಿದ್ದರೂ ನಿಂತ ರೀತಿ ಗೊತ್ತಾಗುತ್ತಿತ್ತು. ಚಿಕ್ಕವನಿದ್ದಾಗ ಪಾಟಿ ಒಡೆದುಕೊಂಡು ಬಂದಾಗಲೂ ಹೀಗೇ ಒಂದು ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದ.

"ಅವ್ವಾ, ನೀ..." ಎಂದ.

"ಏನಪಾ?"

"ಏನಿಲ್ಲ. ಕಣ್ಣಾಗ ಔಷಧ ಹಾಕ್ಕೊಂಡಿ?"

"ಹಾಕ್ಕೊಂಡೆ."

ಅಂಬಾ ಹಿಂದಿನಿಂದ ಅವಸರ ಮಾಡುತ್ತ ಬಂದು, "ಆಯಿ, ಭೀಮವ್ವಗ ಹೇಳೇನಿ. ನಿಮ್ಮ ಖೋಲಿ ಸಾಫ್ ಮಾಡಿ ಕೊಡ್ತಾಳ" ಎಂದಳು. ನಿಮ್ಮ ಖೋಲಿ ಎಂದಳು. ಒಲೆಯ ಹತ್ತಿರ ತೊಗರಿಬೇಳೆ ನೆನೆಹಾಕಿಟ್ಟಿತ್ತು, ಶೇಗಡಿಗೆ ಇದ್ದಿಲು ತುಂಬಿಟ್ಟಿತ್ತು. ಬಾಯಿ ಬಿಟ್ಟು ಹೇಳಲು ಸಂಕೋಚಪಟ್ಟು ಹೀಗೆ ಎಲ್ಲ ಹೊಂದಿಸಿಟ್ಟು ಹೋಗಿದ್ದಾಳೆ ಹುಡುಗಿ ಎಂದು ಗೋದಾಬಾಯಿಗೆ ಅನ್ನಿಸಿತು. ಇಷ್ಟು ದಿನ ಅವಳನ್ನು ಮನಸ್ಸಿನಲ್ಲೇ ಏನೇನೋ ಅಂದದ್ದಕ್ಕೆ ಪಶ್ಚಾತ್ತಾಪವಾಯಿತು.

ತಣ್ಣೀರಲ್ಲೇ ಮಿಂದಳು. ಬಿಸಿನೀರಿಗೆ ಕಾಯುತ್ತ ಕೂತರೆ ಮೋಟಾರು ಬಂದುಬಿಡುತ್ತದೆ. ಮಡಿಸೀರೆ ಉಟ್ಟು ಒಳಗೆ ಹೋದಾಗ ಅಡಿಗೆಮನೆ ಆಕೆಗೆ ಹೊಸದಾಗಿ ಕಂಡಿತು, ಅಂದರೆ ಕಾಣಲಿಲ್ಲ, ಕೈಗೆ ಹೊಸದಾಗಿತ್ತು. ಸಾಸಿವೆ ಇರುವಲ್ಲಿ ಜೀರಿಗೆ, ಜೀರಿಗೆಯ ಜಾಗದಲ್ಲಿ ಖಾಲಿ. ಒಂದೊಂದು ಡಬ್ಬಿಯನ್ನೂ ತೆಗೆದು ಮೂಸಿ ಮೂಸಿ ಗುರುತು ಹಿಡಿದಳು. ರೇಶನ್ನಿನ ಅಕ್ಕಿಯಲ್ಲಿ ಕಲ್ಲು. ಕಣ್ಣು ಮುಚ್ಚಿಕೊಂಡು ಬೆರಳಿಂದಲೇ ಆರಿಸಿದಳು, ತೆರೆದರೂ ಮುಚ್ಚಿದರೂ ಅಷ್ಟೆ. ಶೇಗಡಿ ಹತ್ತಿ ಕೆಂಪಾದಾಗ ಮುಖಕ್ಕೆ ಬಡಿದ ಶಾಖಕ್ಕೆ ಆಕೆಗೆ ಅಳು ಬಂದಿತು. ಹೊಗೆಯ ಅಳು ಎಂದು ಅಂದುಕೊಳ್ಳಬಹುದಿತ್ತು, ಅಂದುಕೊಳ್ಳಲಿಲ್ಲ. ಬೇಳೆ ಬೇಯಲು ಇಟ್ಟಳು, ಮೆಂತ್ಯದ ಸೊಪ್ಪು ಸೋಸಿದಳು, ಬಸುರಿ ಹುಡುಗಿಗೆಂದು ಶ್ಯಾವಿಗೆ ಹುರಿದಳು. ಉಪ್ಪಿನ ವಿಷಯದಲ್ಲಿ ಒಂದು ಯುಕ್ತಿ ಮಾಡಿದಳು: ಉಪ್ಪು ಬಿದ್ದ ಪಾತ್ರೆ ಎಡಗಡೆಗೆ, ಬೀಳದ್ದು ಬಲಗಡೆಗೆ. ಹುಡುಗಾಟ ಎನ್ನಿಸಿ ಒಬ್ಬಳೇ ನಕ್ಕಳು. ಇಂಗಿನ ಒಗ್ಗರಣೆ ಚುಂಯ್ ಎಂದಾಗ ಅಂಗಳದಿಂದ ಯಾರೋ ಹೆಂಗಸು, ಏನು ವಾಸನೆ ಅಂದದ್ದು ಕೇಳಿಸಿತು. ಆಕೆ ಸೆಟೆದು ಕೂತಳು. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ.

ಭೀಮವ್ವ ಬಂದದ್ದು ಆಗ. ವಿಜಾಪುರದ ಕಡೆಯಿಂದ ಹೊಟ್ಟೆಪಾಡಿಗೆ ಬಂದವಳು, ವಾಡೆಯ ಪಾತ್ರೆ ತಿಕ್ಕಿ ಕಸ ಹೊಡೆಯುತ್ತಾಳೆ. ದಿನಕ್ಕೊಮ್ಮೆ ಗೋದಾಬಾಯಿ ಬಾಯ್ತುಂಬ ಕನ್ನಡ ಆಡುವುದು ಇವಳೊಬ್ಬಳ ಜೊತೆ. ಮಡಿಯೆಂದು ಹೊಸ್ತಿಲಾಚೆಯೇ ನಿಂತಳು, ಕೈಯಲ್ಲಿ ಕಸಬರಿಗೆ.

"ಅವ್ವಾರ, ನಿಮ್ಮ ಖೋಲಿ ಕಸಾ ಹೊಡದೇನ್ರಿ. ಹಾಸಿಗಿ ಒಯ್ದು ಇಡ್ಲ್ಯಾ?"

"ಹಾಸಿಗಿ ಇಲ್ಲ್ಯಾಕ ತರ್ತಿ? ಮಡಿ ಒಳಗ ಹಾಸಿಗಿ ತರ್ತಾರೇನು?"

"ಇಲ್ಲಿಗಲ್ರಿ. ಹಿಂದಿನ ಖೋಲಿಗಿ. ಪಾವಟಿಗಿ ಬುಡಕ ಐತಲ್ಲ, ಅಡಗಳ ಖೋಲಿ, ಅದಕ್ಕ."

"ಏನಂದಿ?"

"ಅಡಗಳ ಖೋಲಿರಿ. ಮುರುಕಾ ಕುರ್ಚಿ, ತೂತ ಕೊಡಾ, ಬ್ಯಾಡಾದ್ದ ಸಾಮಾನ ಒಗೀತಾರಲ್ಲ. ಅಂಥಾದ್ದಕ್ಕ ಈ ಮಂದಿ ಅಡಗಳ ಅಂತಾರ್ರಿ. ಬಾಯಾರು ಮುಂಜಾನೇನ ಹೇಳ್ಯಾರ, ಅದನ್ನ ಅವ್ವಾರಿಗೆ ಮಾಡಿಕೊಡು ಅಂತ. ನಿಮಗ ಹೇಳಿಲ್ಲೇನ್ರಿ?"

ಗೋದಾಬಾಯಿ ಸೌಟನ್ನು ಪಾತ್ರೆಯ ಅಂಚಿಗೆ ಆನಿಸಿ ಇಟ್ಟಳು. "ಹೇಳ್ಯಾರ" ಎಂದಳು. "ನಾನ ಮರ್ತಿದ್ದೆ. ಒಯ್ದಿಡು."

ಅಡಗಿ, ಅಡಗಳ. ನಡುವೆ ಒಂದು ಅಕ್ಷರ ಹಲಗೆಯ ಗೋಡೆಯಲ್ಲಿ ಸಿಕ್ಕಿಕೊಂಡು ಉಳಿದಿತ್ತು. ಆಕೆ ಎದ್ದು ಗೋಡೆ ಹಿಡಿದುಕೊಂಡು ಹಿತ್ತಿಲ ಬಾಗಿಲ ತನಕ ಹೋದಳು. ಪಾವಟಿ‌ಗೆಯ ಕೆಳಗೆ ಬಾಗಿಲು ತೆರೆದಿತ್ತು. ದಿನಾ ಪಾಯಖಾನೆಗೆ ಹೋಗುವಾಗ ದಾಟುವ ಬಾಗಿಲೇ. ಒಳಗಿನದು ಆಕೆಗೆ ಕಾಣಲಿಲ್ಲ; ಹಳೆಯ ಗೋಣಿಚೀಲದ, ಇಲಿಯ ಹಿಕ್ಕೆಯ ವಾಸನೆ ಬಂತು, ಅದರ ಮೇಲೆ ಈಗಷ್ಟೇ ಚಿಮುಕಿಸಿದ ನೀರಿನ ವಾಸನೆ. ಸಿಟ್ಟು ಬರಬೇಕಿತ್ತು. ಆಕೆ ನಿಂತು ಅದನ್ನು ಕಾದಳು. ಬಂದದ್ದು ಬರೇ ದಣಿವು. ಅಂಬಾ ಯೋಚಿಸಿಯೇ ಮಾಡಿದ್ದಾಳೆ: ಪಾಯಖಾನೆ ಹತ್ತಿರ, ಮೆಟ್ಟಿಲು ಹತ್ತಬೇಕಾಗಿಲ್ಲ, ಯಾರೂ ಅತ್ತ ಸರಿ ಎನ್ನುವುದಿಲ್ಲ. ಬಸುರಿಯನ್ನು ಅಲ್ಲಿ ಮಲಗಿಸಲಾದೀತೆ? ಆಗದು. ಗಂಡ ಹೆಂಡತಿ ಮಲಗಲಾದೀತೆ? ಆಗದು. ಎಲ್ಲರನ್ನೂ ಕಳೆಯುತ್ತ ಬಂದರೆ ಕೊನೆಗೆ ಉಳಿಯುವವಳು ತಾನೇ. ಪ್ರಲ್ಹಾದನ ಜಾಗದಲ್ಲಿ ತಾನಿದ್ದರೂ ಇದನ್ನೇ ಮಾಡುತ್ತಿದ್ದೆನೇನೋ. ಒಂದು ಮಾತು ಎದುರಿಗೆ ಹೇಳಿ ಮಾಡುತ್ತಿದ್ದೆ, ಅಷ್ಟೆ. ಅವನು ಔಷಧ ಹಾಕ್ಕೊಂಡಿಯಾ ಎಂದು ಕೇಳಿ ಹೋಗಿದ್ದ. ಅಷ್ಟರಲ್ಲಿ ಅನ್ನ ತಳ ಹಿಡಿಯುವ ವಾಸನೆ ಬಂದು ಆಕೆ ಮೊಣಕಾಲನ್ನೂ ಲೆಕ್ಕಿಸದೆ ಒಳಗೆ ಧಾವಿಸಿದಳು. ಮಾಡಿಟ್ಟ ಅಡಿಗೆಯನ್ನು ಈಗ ಏನು ಮಾಡಬೇಕು? ಸೊಸೆಯ ಒಲೆಗೆ ಕೇಳದೆ ಕೈಹಾಕಿದವಳು ತಾನಾದೆನಲ್ಲ ಎಂದು ಆಕೆಗೆ ಒಬ್ಬಳಿಗೇ ಮುಖವೆಲ್ಲ ಬಿಸಿಯಾಯಿತು. ಅನ್ನ ಅರಳಿತ್ತು. ಇಳಿಸಿದಳು.

ಮೋಟಾರು ದಾರಿಯಲ್ಲಿ ಕೆಟ್ಟು ನಿಂತು ಅವರು ಬಂದಾಗ ಹೊತ್ತು ಇಳಿದಿತ್ತು. ಕೃಷ್ಣಾ ದಾರಿಯುದ್ದ ವಾಂತಿ ಮಾಡಿಕೊಂಡು ಬಂದಿದ್ದಳು, ನಿಲ್ಲಲಾರಳು. ಅಂಬಾ ನೇರವಾಗಿ ಅಡಿಗೆಮನೆಗೆ ನುಗ್ಗಿ ಹೊಸ್ತಿಲಲ್ಲೇ ನಿಂತುಬಿಟ್ಟಳು. "ಆಯಿ, ನೀವು..." ಎಂದಳು. ಮುಚ್ಚಿಟ್ಟ ಪಾತ್ರೆಗಳನ್ನು ನೋಡಿದಳು, ಹಿಂದೆ ನಿಂತ ಗಂಡನನ್ನು ನೋಡಿದಳು. ಏನು ಹೇಳಲಿದ್ದಳೋ, ಹಸಿವು ಅದಕ್ಕಿಂತ ದೊಡ್ಡದಾಗಿತ್ತು.

"ಕೈಕಾಲ ತೊಳ್ಕೊಂಡ ಬರ್ರಿ. ಎಲಿ ಹಾಕೇನಿ" ಎಂದಳು ಗೋದಾಬಾಯಿ.

ಮೂವರೂ ಮಣೆಯ ಮೇಲೆ ಕೂತರು. ಆಕೆ ಮುಟ್ಟದೆ ಮೇಲಿಂದ ಬಡಿಸಿದಳು. ಕೃಷ್ಣಾ ಮೊದಲ ತುತ್ತನ್ನು ಅಂಜುತ್ತ ಬಾಯಿಗಿಟ್ಟಳು. ಆಮೇಲೆ ತಲೆ ಎತ್ತಲಿಲ್ಲ. ಸಾರಿಗೆ ಕೈ ಚಾಚಿದಳು, ಮತ್ತೆ ಚಾಚಿದಳು. ಹುಡುಗಿಯ ಹಸಿವಿನ ಸದ್ದನ್ನು ಗೋದಾಬಾಯಿ ನಿಂತು ಕೇಳಿದಳು. ಎಷ್ಟೋ ದಿನದಿಂದ ಇಂಥದ್ದನ್ನು ಕೇಳಿರಲಿಲ್ಲ. ಹೊಟ್ಟೆ ತಂಪಾದ ಮೇಲೆ ಕೃಷ್ಣಾ ಅಕ್ಕನ ಕಡೆ ತಿರುಗಿ ಮರಾಠಿಯಲ್ಲಿ ಕೇಳಿದಳು: ಅಕ್ಕಾ, ಈ ಸ್ವೈಪಾಕೀಣಬಾಯಿ ನಿಮಗೆ ಎಲ್ಲಿ ಸಿಕ್ಕರು? ಈ ಸಲ ಶಬ್ದ ತಪ್ಪಿ ಕೇಳಿಸಲಿಲ್ಲ. ಸ್ವೈಪಾಕೀಣ ಎಂದರೆ ಅನ್ನ ಬಟ್ಟೆಗಾಗಿ ಪರರ ಮನೆಯಲ್ಲಿ ಅಡಿಗೆ ಮಾಡುವವಳು. ಹುಡುಗಿಯದೇನು ತಪ್ಪು? ಈ ಪೇಠೆಗಳಲ್ಲಿ ದಿಕ್ಕಿಲ್ಲದ ಎಷ್ಟೋ ಮಡಿಹೆಂಗಸರು ಹಾಗೆಯೇ ಹೊಟ್ಟೆ ಹೊರೆಯುತ್ತಾರೆ. ಅವಳು ಅಕ್ಕನ ಅತ್ತೆಯನ್ನು ನೋಡಿದ್ದು ಮದುವೆಯ ಚಪ್ಪರದಲ್ಲಿ, ಪರಕಾರ ಉಟ್ಟ ಮಗುವಾಗಿದ್ದಾಗ. ಆ ಅತ್ತೆಗೆ ಮೂಗಿನ ತುಂಬ ನತ್ತು, ಹಣೆಯ ತುಂಬ ಕುಂಕುಮ, ಹೆರಳಿನ ತುಂಬ ಹೂವು. ಅವಳೆಲ್ಲಿ, ಇವಳೆಲ್ಲಿ.

ಅಂಬಾನ ಮುಖ ಕಪ್ಪಿಟ್ಟಿರಬೇಕು. 'ಅಗ, ತ್ಯಾ ಮಾಝ್ಯಾ' ಎಂದಳು, ಅಯ್ಯೋ ಅವರು ನನ್ನ ಎಂದು, ಮಾತು ಅಲ್ಲಿಗೇ ನಿಲ್ಲಿಸಿ ಗಂಡನ ಕಡೆ ತಿರುಗಿದಳು. ಪ್ರಲ್ಹಾದನ ಕೈ ಅನ್ನದಲ್ಲೇ ನಿಂತಿತ್ತು. ಹೇಳುವವನು ಅವನು. ನನ್ನ ತಾಯಿ ಎಂದರೆ ಮುಗಿಯಿತು; ಆದರೆ ಅಂದ ಮೇಲೆ ಹುಡುಗಿ ಏಳುತ್ತಾಳೆ, ನಮಸ್ಕಾರ ಮಾಡುತ್ತಾಳೆ, ರಾತ್ರಿ ಅವರು ಎಲ್ಲಿ ಮಲಗುತ್ತಾರೆ ಎಂದು ನೋಡುತ್ತಾಳೆ. ಗೋದಾಬಾಯಿ ತುಪ್ಪದ ಮಿಳ್ಳೆ ಹಿಡಿದುಕೊಂಡು ಕಾದಳು. ಮಗ ಬಾಯಿ ತೆರೆಯಲೆಂದು ಆಕೆ ಬೇಡಿಕೊಂಡಳು, ನಿಜವಾಗಿಯೂ ಬೇಡಿಕೊಂಡಳು. ಪ್ರಲ್ಹಾದ ಅನ್ನವನ್ನು ಕಲಸತೊಡಗಿದ, ಆಗಲೇ ಕಲಸಿದ್ದ ಅನ್ನವನ್ನು.

"ಹೋ" ಎಂದಳು ಗೋದಾಬಾಯಿ. ಹೌದು ಎಂದು. ಬಾರದ ಮರಾಠಿಯಲ್ಲಿ ಒಂದೊಂದೇ ಶಬ್ದ ಜೋಡಿಸಿ, ಇಲ್ಲಿ ಅಡಿಗೆ ಮಾಡುವವಳು ನಾನೇ, ನಿನ್ನ ಬಾಣಂತನ ಮುಗಿಯುವ ತನಕ ಇರುತ್ತೇನೆ ಎಂದಳು. ಕೃಷ್ಣಾ ನಿಶ್ಚಿಂತಳಾಗಿ ಪಾಯಸದ ಬಟ್ಟಲನ್ನು ಹತ್ತಿರ ಎಳೆದುಕೊಂಡಳು. ಅಂಬಾ ತಲೆ ತಗ್ಗಿಸಿದಳು. ಪ್ರಲ್ಹಾದ ಎಲೆಯಲ್ಲಿ ಅನ್ನ ಹಾಗೇ ಬಿಟ್ಟು, ಕೈ ಮುದುರಿಕೊಂಡು, ಮಣೆಯಿಂದ ಏಳಹೊರಟ.

"ಏಳಬ್ಯಾಡ್ರಿ ರಾಯರ" ಎಂದಳು ಗೋದಾಬಾಯಿ ಮಗನಿಗೆ. "ಮಜ್ಜಿಗಿ ಅನ್ನ ಇನ್ನೂ ಆಗಿಲ್ಲಲ್ರಿ."

ಕೃಷ್ಣಾಗೆ ಕನ್ನಡ ಬರುತ್ತಿರಲಿಲ್ಲ. ಪ್ರಲ್ಹಾದನಿಗೆ ಬರುತ್ತಿತ್ತು. ಅವನು ಮತ್ತೆ ಮಣೆಯ ಮೇಲೆ ಕೂತ.